ಎಲೆಸಂಚಿಯಲ್ಲಿ ಮೂರು ಸೀಸೆ

ಕುಷ್ಟಗಿಯ ಹಳೇ ದವಾಖಾನೆ ಈಗ ಗೊಬ್ಬರದ ಗೋದಾಮು. ಹೋದ ತಿಂಗಳು ಪಿಂಚಣಿಯ ಕಾಗದಕ್ಕೆ ಸಹಿ ಹಾಕಲು ಹೋದವಳು ಮಳೆ ಬಂತೆಂದು ಅದರ ಕಟ್ಟೆ ಹತ್ತಿ ನಿಂತೆ. ಬಾಗಿಲು ತೆರೆದಿತ್ತು. ಒಳಗೆ ಚೀಲದ ಮೇಲೆ ಚೀಲ ಒಟ್ಟಿದ್ದರು, ಎಲ್ಲ ಎಲುಬಿನ ಪುಡಿ. ಮಳೆಯ ತಂಪಿಗೆ ಅದರ ವಾಸನೆ ಎದ್ದು ಬಾಗಿಲ ತನಕ ಬಂದಿತ್ತು. ಒಣಗಿದ, ಸುಣ್ಣದಂಥ, ಒಂದಿಷ್ಟು ಕಮಟು ಕಮಟಾದ ವಾಸನೆ. ಪಕ್ಕದಲ್ಲಿ ನಿಂತಿದ್ದವರು ಮೂಗಿಗೆ ಸೆರಗು ಹಿಡಿದುಕೊಂಡರು. ನನಗೆ ಮಾತ್ರ ಅಲ್ಲಿಂದ ಸರಿಯಲು ಮನಸ್ಸಾಗಲಿಲ್ಲ. ಮಳೆ ನಿಂತ ಮೇಲೂ ನಿಂತೇ ಇದ್ದೆ.

ಅದೇ ಕಟ್ಟಡದಲ್ಲಿ, ಬಹುಶಃ ಆ ಚೀಲಗಳಿದ್ದ ಜಾಗದಲ್ಲೇ, ಶ್ರಾವಣದಿಂದ ಸಂಕ್ರಾಂತಿಯವರೆಗೆ ನಾನು ಮಲಗಿದ್ದೆ. ಆಗ ನನಗೆ ಹತ್ತೊಂಬತ್ತು. ನಿಜಾಮರ ಆಳಿಕೆ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಅದರಿಂದ ನಮಗೆ ಗೊತ್ತಾಗುತ್ತಿದ್ದದ್ದು ಸೀಮೆಎಣ್ಣೆ ಸಿಗುವುದಿಲ್ಲ, ಬಸ್ಸು ಇದ್ದಲಿನ ಹೊಗೆಯ ಮೇಲೆ ಓಡುತ್ತದೆ, ದವಾಖಾನೆಗೆ ಔಷಧ ಸರಿಯಾಗಿ ಬರುವುದಿಲ್ಲ, ಇಷ್ಟೆ.

ನಮ್ಮೂರು ಯಲಬುರ್ಗಾ ಸೀಮೆಯದು. ಹೆಸರು ಬರೆಯುವುದಿಲ್ಲ. ಅಲ್ಲಿ ಈಗಲೂ ಮದುವೆಯಾಗಬೇಕಾದ ಹೆಣ್ಣುಮಕ್ಕಳಿದ್ದಾರೆ. ನನ್ನ ಕಾಲದಲ್ಲಿ ನಮ್ಮೂರಿನ ಹುಡುಗಿ ಎಂದರೆ ಬೇರೆ ಊರಿನವರು ಮೊದಲು ಬಾಯಿ ತೆರೆಸಿ ನೋಡುತ್ತಿದ್ದರು. ನನ್ನನ್ನು ನೋಡಲು ಬಂದವರಲ್ಲಿ ಇಬ್ಬರು ಅವಲಕ್ಕಿ ತಿಂದು, ನಾನು ನಕ್ಕದ್ದನ್ನು ನೋಡಿ, ಹೇಳಿ ಕಳಿಸುತ್ತೇವೆ ಎಂದು ಎದ್ದು ಹೋಗಿದ್ದರು. ನನ್ನ ಹಲ್ಲಿನ ಮೇಲೆ ಕಂದು ಪಟ್ಟೆಗಳಿವೆ, ಎಷ್ಟು ಉಜ್ಜಿದರೂ ಹೋಗದಂಥವು. ನನ್ನ ಅಣ್ಣನಿಗೂ ಇದ್ದವು. ಊರಿನಲ್ಲಿ ನನ್ನ ವಾರಿಗೆಯವರಿಗೆಲ್ಲ ಇದ್ದವು. ನಲವತ್ತು ದಾಟಿದ ಗಂಡಸರು ಕುತ್ತಿಗೆ ತಿರುಗಿಸಲಾರದೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ನನ್ನ ಅಪ್ಪನೂ ಹಾಗೆಯೇ. ಅದನ್ನು ಯಾರೂ ರೋಗ ಎನ್ನುತ್ತಿರಲಿಲ್ಲ. ನಮ್ಮೂರಿನ ಮೈಯೇ ಹಾಗೆ ಎಂದುಕೊಂಡಿದ್ದೆವು.

ಆ ಆಷಾಢದಲ್ಲಿ ದೊಡ್ಡ ಬಾವಿಯ ಮೆಟ್ಟಿಲಲ್ಲಿ ಕಾಲು ಜಾರಿ ಕೂತೆ. ಬಿದ್ದೆ ಎಂದೂ ಹೇಳುವಂತಿಲ್ಲ, ಎರಡು ಮೆಟ್ಟಿಲು ಜಾರಿ ಕೂತೆ ಅಷ್ಟೆ. ತೊಡೆಯ ಎಲುಬು ಮುರಿದ ಸಪ್ಪಳ ಪಕ್ಕದಲ್ಲಿ ನೀರು ಸೇದುತ್ತಿದ್ದವರಿಗೂ ಕೇಳಿಸಿತಂತೆ. ಎಲುಬು ಕಟ್ಟುವ ಅಜ್ಜ ಬಂದು ಬಿದಿರಿನ ದಬ್ಬೆ ಕಟ್ಟಿದ. ಹದಿನೈದು ದಿನಕ್ಕೆ ಕಾಲು ಬಾತು ಕುಂಬಳಕಾಯಿಯಾಯಿತು. ಕೊನೆಗೆ ಅಪ್ಪ ಚಕ್ಕಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಮಲಗಿಸಿ ಕುಷ್ಟಗಿಗೆ ತಂದ. ಅವ್ವ ನನ್ನ ಜೊತೆ ಉಳಿದಳು. ದವಾಖಾನೆಯ ಹಿಂದೆ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದಳು.

ಡಾಕ್ಟರು ಹೆಂಗಸು ಎಂದು ನಮಗೆ ಗೊತ್ತಿರಲಿಲ್ಲ. ಹೆಸರು ರಜಿಯಾ. ಮೂವತ್ತರ ಆಚೀಚೆ, ಹೈದರಾಬಾದಿನಲ್ಲಿ ಓದಿದವರು. ತಾಯಿಯ ತವರು ರಾಯಚೂರಾದ್ದರಿಂದ ಕನ್ನಡ ಮಾತಾಡುತ್ತಿದ್ದರು, ಆದರೆ ಓದಲು ಬರುತ್ತಿರಲಿಲ್ಲ. ನಾವು ಡಾಕ್ಟರಬಾಯಿ ಎನ್ನುತ್ತಿದ್ದೆವು, ಎದುರಿಗೆ ಬಾಯಾರ ಎಂದು ಕರೆಯುತ್ತಿದ್ದೆವು. ಅವರು ನನ್ನ ಕಾಲನ್ನು ಎಳೆದು ಕೂಡಿಸಿ, ಮಂಚದ ಕಾಲ್ದೆಸೆಗೆ ರಾಟೆ ಕಟ್ಟಿ, ಹಗ್ಗದ ತುದಿಗೆ ಮರಳಿನ ಚೀಲ ತೂಗಿಬಿಟ್ಟರು. ಇನ್ನು ಮೂರು ತಿಂಗಳು ಏಳುವ ಹಾಗಿಲ್ಲ ಎಂದರು. ನಾನು ಅತ್ತೆ. ಅವರು ಸುಮ್ಮನಿರು ಎನ್ನಲಿಲ್ಲ. ಅಳುವುದು ಮುಗಿಯುವ ತನಕ ಪಕ್ಕದಲ್ಲಿ ನಿಂತಿದ್ದು, ಆಮೇಲೆ ಬಾಯಿ ತೆಗಿ ಎಂದರು.

ನಾನು ತುಟಿ ಬಿಗಿಹಿಡಿದೆ. ಹಲ್ಲು ತೋರಿಸುವುದೆಂದರೆ ನನಗೆ ಬಟ್ಟೆ ಬಿಚ್ಚಿದಷ್ಟು ನಾಚಿಕೆ. ಡಾಕ್ಟರಬಾಯಿ ಬಲವಂತ ಮಾಡಲಿಲ್ಲ. ನನ್ನನ್ನು ಬಿಟ್ಟು ಅವ್ವನ ಬಾಯಿ ನೋಡಿದರು. ಅವ್ವನ ಹಲ್ಲು ಎಲೆಅಡಿಕೆಯ ಕೆಂಪಿನ ಕೆಳಗೆ ಬೆಳ್ಳಗೆ, ಗಟ್ಟಿಯಾಗಿ, ಒಂದೂ ಪಟ್ಟೆಯಿಲ್ಲದೆ ಇದ್ದವು. ನಿಮ್ಮ ತವರು ಯಾವುದು ಎಂದು ಕೇಳಿದರು. ಆನೆಗೊಂದಿ ಕಡೆ, ಹೊಳೆ ನೀರು ಕುಡಿದು ಬೆಳೆದವಳು ಎಂದಳು ಅವ್ವ. ಊರಿಗೆ ಸೊಸೆಯಾಗಿ ಬಂದವರೆಲ್ಲರ ಹಲ್ಲು ಹೀಗೇ ಇವೆಯೇ ಎಂದು ಕೇಳಿದರು. ಅವ್ವ ಯೋಚಿಸಿ ಹೌದೆಂದಳು. ಊರಲ್ಲೇ ಹುಟ್ಟಿದ ಮುದುಕರ ಹಲ್ಲು? ಅವೂ ಬೆಳ್ಳಗೇ ಇವೆ, ಆದರೆ ಅವರ ಕಾಲ ಮೇಲೆಲ್ಲ ನಾರುಹುಣ್ಣಿನ ಕಲೆ ಇದೆ ಎಂದಳು. ನಿಮ್ಮೂರ ಬಾವಿ ಯಾವಾಗ ತೋಡಿದ್ದು ಎಂದು ಡಾಕ್ಟರಬಾಯಿ ಕೇಳಿದರು.

ಬಾವಿಯ ಮಾತು ಬಂದರೆ ನಮ್ಮ ಮನೆಯಲ್ಲಿ ಎಲ್ಲರ ಎದೆ ಉಬ್ಬುತ್ತಿತ್ತು. ಮೊದಲು ಊರಿಗೆಲ್ಲ ಒಂದೇ ಹೊಂಡ, ಮಳೆನೀರಿನದು. ಅದರ ನೀರು ಕುಡಿದವರ ಕಾಲಿನಿಂದ ನೂಲಿನಂಥ ಹುಳ ಹೊರಬರುತ್ತಿತ್ತು. ಬಿತ್ತುವ ಕಾಲಕ್ಕೆ ಅರ್ಧ ಊರು ಕಾಲು ಕಟ್ಟಿಕೊಂಡು ಮಲಗಿರುತ್ತಿತ್ತಂತೆ. ನನ್ನ ಅಜ್ಜ ಕಲ್ಲು ಒಡೆಯುವವ. ಅಪ್ಪ ಹದಿನೈದು ವರ್ಷದವನಿದ್ದಾಗ ಅಜ್ಜ ಮುಂದಾಳಾಗಿ ನಿಂತು, ಮಣ್ಣು ಮುಗಿದು ಬಂಡೆ ಸಿಕ್ಕರೂ ಬಿಡದೆ, ಮೂರು ಬೇಸಿಗೆ ಬಂಡೆ ಸೀಳಿ ನೀರು ತೆಗೆದ. ಎರಡು ಬೆರಳು ಅಲ್ಲೇ ಹೋದವು. ಕನ್ನಡಿಯಂಥ ತಿಳಿನೀರು. ನಾರುಹುಣ್ಣು ಊರು ಬಿಟ್ಟು ಹೋಯಿತು.

ಮದ್ರಾಸ್ ಕಡೆಯ ಒಂದು ಜಿಲ್ಲೆಯಲ್ಲಿ ಇಂಥದೇ ಹಲ್ಲು, ಇಂಥದೇ ಬಿಗಿದ ಬೆನ್ನು ಕಂಡದ್ದನ್ನು ಡಾಕ್ಟರಬಾಯಿ ಎಲ್ಲೋ ಓದಿದ್ದರಂತೆ. ಬಂಡೆಯೊಳಗಿನ ಒಂದು ಉಪ್ಪು ನೀರಿಗಿಳಿದು ಹಲ್ಲು, ಎಲುಬು ಸೇರುತ್ತದೆ ಎಂದು ಅದರಲ್ಲಿ ಬರೆದಿತ್ತಂತೆ. ನಮ್ಮ ಬಾವಿಯ ನೀರನ್ನು ಪರೀಕ್ಷೆಗೆಂದು ಹೈದರಾಬಾದಿಗೆ ಕಳಿಸಿದರು. ಯುದ್ಧದ ಗಡಿಬಿಡಿಯಲ್ಲಿ ಉತ್ತರ ಬರುವ ಹಾಗೆ ಕಾಣಲಿಲ್ಲ. ಹಾಗಾಗಿ ತಾವೇ ನೋಡಲು ಹೊರಟರು.

ಆಡಿನ ಎಲುಬು ತರಿಸಿ ಹಿತ್ತಲಲ್ಲಿ ಸುಟ್ಟು ಬಿಳಿಬೂದಿ ಮಾಡಿದರು. ಎರಡು ದಿನ ದವಾಖಾನೆಯೆಲ್ಲ ಆ ವಾಸನೆ. ಬೂದಿಯನ್ನು ತೇಜಾಬು ಎಂಬ ಆಮ್ಲದಲ್ಲಿ ಕರಗಿಸಿದರು, ನೀರು ತಿಳಿಯಾಯಿತು. ನಮ್ಮ ಬಾವಿಯ ನೀರು, ಅವ್ವನ ತವರಿನಿಂದ ಸೋದರಮಾವ ತಂದುಕೊಟ್ಟ ಹೊಳೆಯ ನೀರು, ದವಾಖಾನೆಯ ಹಂಚಿನಿಂದ ಹಿಡಿದ ಮಳೆನೀರು, ಮೂರನ್ನೂ ಕುದಿಸಿ ಹತ್ತರಲ್ಲೊಂದು ಪಾಲಿಗೆ ಇಳಿಸಿದರು. ಅವಕ್ಕೆ ಉಪ್ಪು, ಸೋಡಾ ತೂಕ ಮಾಡಿ ಹಾಕಿ, ಎಲುಬಿನ ನೀರು ಬೆರೆಸಿ, ನಾಲಿಗೆಗೆ ಹುಳಿ ಹತ್ತದ ಹದಕ್ಕೆ ತಂದರು. ರಕ್ತದಲ್ಲಿ ಕೆಂಪು ತೆಗೆದರೆ ಉಳಿಯುವ ನೀರು ಹೆಚ್ಚುಕಡಿಮೆ ಹೀಗೇ ಇರುತ್ತದೆ ಎಂದು ನನಗೆ ಹೇಳಿದರು. ನಿನ್ನ ತೊಡೆಯಲ್ಲಿ ಈಗ ಇಂಥ ನೀರಿನಿಂದಲೇ ಎಲುಬು ಕೂಡಿಕೊಳ್ಳುತ್ತಿದೆ, ಮೊದಲು ಮೆತ್ತಗೆ, ಮೊಸರಿನ ಹಾಗೆ, ಆಮೇಲೆ ಕಾಳುಗಟ್ಟುತ್ತದೆ, ಒಂದು ಕಾಳು ಕಟ್ಟಿತೆಂದರೆ ಅದರ ಮೈಮೇಲೆ ಇನ್ನಷ್ಟು ಬಂದು ಕೂಡುತ್ತದೆ ಎಂದರು. ಅಲ್ಲಿಯವರೆಗೆ ನನ್ನ ತೊಡೆಯೊಳಗೆ ನೋವು ಬಿಟ್ಟು ಬೇರೆ ಏನಾದರೂ ನಡೆಯುತ್ತಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಸೂಜಿಮದ್ದಿನ ಮೂರು ಖಾಲಿ ಸೀಸೆಗೆ ಆ ನೀರು ತುಂಬಿ ಮೇಣದಿಂದ ಬಾಯಿ ಮುಚ್ಚಿದರು. ಮಳೆನೀರಿನ ಸೀಸೆಗೆ ಬಿಳಿ ದಾರ, ಹೊಳೆಯದಕ್ಕೆ ಹಸಿರು, ಬಾವಿಯದಕ್ಕೆ ಕೆಂಪು. ಬಂಡೆಯ ಉಪ್ಪು ನಮ್ಮ ಬಾವಿಯಲ್ಲಿದ್ದರೆ ಕೆಂಪು ದಾರದ್ದೇ ಮೊದಲು ಕಾಳುಗಟ್ಟಬೇಕು ಎಂದರು. ಅವು ನಲವತ್ತು ದಿನ ಮನುಷ್ಯರ ಮೈಯಷ್ಟೇ ಬೆಚ್ಚಗಿರಬೇಕು, ತಣ್ಣಗಾದರೆ ಕಾಳುಗಟ್ಟುವುದಿಲ್ಲ. ಬಿಸಿ ಇಟ್ಟಂಗಿಯ ನಡುವೆ ಹುಲ್ಲಿನಲ್ಲಿ ಇಟ್ಟು ನೋಡಿದರು, ಬೆಳಗಾಗುವುದರೊಳಗೆ ತಣ್ಣಗಾದವು. ಮೂರನೆಯ ದಿನ ಸೀಸೆಗಳನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮಂಚದ ಹತ್ತಿರ ಬಂದು ನಿಂತರು.

“ಗಂಗವ್ವ, ನಿನಗ ಜ್ವರ ಇಲ್ಲ, ಎದ್ದು ತಿರಗಾಡೂದೂ ಇಲ್ಲ. ಇವನ್ನ ನಿನ್ನ ಹತ್ರ ಇಟಗೋತೀಯೇನು?”

ಅವ್ವನಿಗೆ ಅದು ಸರಿಬರಲಿಲ್ಲ. ಸತ್ತ ಪ್ರಾಣಿಯ ಎಲುಬಿನ ನೀರನ್ನು ಮದುವೆಯಾಗದ ಮಗಳ ಮೈಗೆ ಕಟ್ಟುವುದು ಎಂದರೇನು ಎಂದು ಗೊಣಗಿದಳು. ಡಾಕ್ಟರಬಾಯಿ ವಾದ ಮಾಡಲಿಲ್ಲ. ನೀವು ಬೇಡ ಎಂದರೆ ಬೇಡ ಎಂದು ಹೊರಟರು. ಅವರು ಬಾಗಿಲು ದಾಟುವ ಮುಂಚೆ ನಾನು ಹೂಂ ಎಂದುಬಿಟ್ಟೆ. ಯಾಕೆ ಎಂದು ಈಗ ಯೋಚಿಸಿದರೆ, ಒಂದೂವರೆ ತಿಂಗಳಿಂದ ಯಾರಿಗೂ ಉಪಯೋಗವಿಲ್ಲದೆ ಮಲಗಿದ್ದವಳಿಗೆ ಮೊದಲ ಸಲ ಒಬ್ಬರು ಒಂದು ಕೆಲಸ ಹೇಳಿದ್ದರು. ಸ್ವಲ್ಪ ಹೊತ್ತಿಗೆ ಅವ್ವನೇ ತನ್ನ ಎಲೆಅಡಿಕೆ ಸಂಚಿಯನ್ನು ಝಾಡಿಸಿ ತಂದಳು. ಇಲಕಲ್ಲಿನ ಹಳೇ ಸೀರೆಯ ತುಂಡಿನಲ್ಲಿ ಹೊಲಿದದ್ದು, ಒಳಗೆ ಪದರ ಪದರ ಜೇಬು. ಸುಣ್ಣದ ಡಬ್ಬಿಯ ಜೇಬಿನಲ್ಲಿ ಒಂದು, ಅಡಿಕೆಯ ಜೇಬಿನಲ್ಲಿ ಒಂದು, ಎಲೆಯ ಜೇಬಿನಲ್ಲಿ ಒಂದು ಸೀಸೆ ಕೂತವು. ಸಂಚಿಯನ್ನು ನನ್ನ ಪಕ್ಕೆಗೆ, ಕುಪ್ಪಸದ ಕೆಳಗೆ ಕಟ್ಟಿದಳು.

ದಿನಾ ಬೆಳಿಗ್ಗೆ ಸೀಸೆ ತೆಗೆದು ನೋಡಿ ಕಂಡದ್ದನ್ನು ಒಂದು ವಹಿಯಲ್ಲಿ ಬರೆದಿಡಬೇಕಿತ್ತು. ನನಗೆ ಅಕ್ಷರ ಬರುತ್ತಿರಲಿಲ್ಲ. ಕಂಪೌಂಡರ್ ರಾಚಪ್ಪನವರು, ನರೆತ ಮೀಸೆಯ ಮನುಷ್ಯ, ಮೆಲ್ಲಗೆ ಮಾತಾಡುವವರು, ಔಷಧ ಅರೆಯುವ ಕೆಲಸ ಮುಗಿದ ಮೇಲೆ ನನ್ನ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತು ಪಾಟಿಯ ಮೇಲೆ ಕಲಿಸಿದರು. ಅ, ಆ ಅಲ್ಲ. ಮೊದಲು ಕಲಿತ ಮಾತು ‘ತಿಳಿ’, ಎರಡನೆಯದು ‘ಮಬ್ಬು’. ಆಮೇಲೆ ‘ಮೊಸರು’, ‘ಕಾಳು’. ಸರಕಾರಿ ಸಾಲೆಯಲ್ಲೆಲ್ಲ ಉರ್ದು ನಡೆಯುತ್ತಿದ್ದ ಕಾಲ. ಕನ್ನಡ ಓದಲು ಬಂದು ಏನು ಮಾಡುತ್ತೀ ಎಂದು ಯಾರೂ ಕೇಳಲಿಲ್ಲ. ನಾನು ಬರೆದದ್ದನ್ನು ರಾಚಪ್ಪನವರು ಓದುತ್ತಿದ್ದರು, ಡಾಕ್ಟರಬಾಯಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು. ಬರೆಯುವಾಗ ಅವರ ತಲೆಯ ಸೆರಗು ಜಾರುತ್ತಿತ್ತು, ಎಡಗೈಯಿಂದ ಎಳೆದುಕೊಳ್ಳುತ್ತಿದ್ದರು. ಒಂದು ಸಲ ನಾನು ಏನಕ್ಕೋ ನಕ್ಕೆ. ನಕ್ಕ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದೆ. ಅವರು ಬರೆಯುತ್ತಲೇ ನನ್ನ ಕೈಯನ್ನು ಮೆಲ್ಲಗೆ ತೆಗೆದು ಮಂಚದ ಮೇಲೆ ಇಟ್ಟರು. ಆಮೇಲೆ ಅವರ ಎದುರಿಗೆ ಕೈ ಅಡ್ಡ ಹಿಡಿಯುವುದು ಬಿಟ್ಟೆ.

ಭಾದ್ರಪದದಲ್ಲಿ ಹಳ್ಳಿಗಳಲ್ಲಿ ಕಾಲರಾ ಬಂತು. ಡಾಕ್ಟರಬಾಯಿ ಸೂಜಿ ಹಾಕಲು ಚಕ್ಕಡಿ ಕಟ್ಟಿಸಿಕೊಂಡು ನಸುಕಿಗೇ ಹೋಗುತ್ತಿದ್ದರು, ಒಮ್ಮೊಮ್ಮೆ ನಾಲ್ಕು ದಿನ ಬರುತ್ತಿರಲಿಲ್ಲ. ಸೀಸೆಗಳ ಉಸ್ತುವಾರಿ ಪೂರ್ತಿ ನನ್ನದಾಯಿತು. ಮೂರೂ ಸೀಸೆ ಮಬ್ಬಾಗಿದ್ದವು. ಹನ್ನೊಂದನೆಯ ದಿನ ಕೆಂಪು ದಾರದ್ದು ಬೇರೆಯಾಗಿ ಕಂಡಿತು. ಮಬ್ಬು ತಳಕ್ಕೆ ಇಳಿಯತೊಡಗಿತ್ತು, ಒಡೆದ ಹಾಲಿನ ಹಾಗೆ. ಬಿಳಿ, ಹಸಿರು ಎರಡೂ ಹಾಗೇ ಇದ್ದವು. ರಾಚಪ್ಪನವರು ಬೆಳಕಿಗೆ ಹಿಡಿದು ನೋಡಿ, ಇನ್ನೆರಡು ದಿನದಲ್ಲಿ ಇದು ಕಾಳುಗಟ್ಟುತ್ತದೆ, ಬಾಯಾರು ಹೇಳಿದ್ದು ಖರೆ ಆಯಿತು ನೋಡು ಎಂದರು. ಏನು ಖರೆ ಎಂದೆ. ನಿಮ್ಮ ಬಾವಿಯ ನೀರೇ ನಿಮ್ಮ ಹಲ್ಲು, ಬೆನ್ನು ಕೆಡಿಸಿದ್ದು ಎಂಬುದು ಎಂದರು.

ಅಷ್ಟು ದಿನ ಯಾರೂ ನನ್ನಿಂದ ಮುಚ್ಚಿಟ್ಟಿರಲಿಲ್ಲ, ಆದರೂ ಆ ಮಾತು ನನ್ನ ಮನಸ್ಸಿಗೆ ನಾಟಿದ್ದು ಆಗಲೇ. ಅಜ್ಜ ಸತ್ತು ಆರು ವರ್ಷವಾಗಿತ್ತು. ಬೆರಳಿಲ್ಲದ ಆ ಕೈಯಿಂದ ಅವನು ನನ್ನ ತಲೆ ಸವರುತ್ತಿದ್ದದ್ದು ನೆನಪಾಯಿತು. ಊರವರು ಅವನ ಬಾವಿಗೆ ವರ್ಷಕ್ಕೊಮ್ಮೆ ಪೂಜೆ ಮಾಡಿ ನಮ್ಮ ಮನೆಗೆ ಮೊದಲ ಕೊಡ ಕಳಿಸುತ್ತಿದ್ದರು. ಆ ಜನ ಇನ್ನು ಮೇಲೆ ಅಜ್ಜನನ್ನು ಏನೆಂದಾರು? ರಾಚಪ್ಪನವರು ಅತ್ತ ಹೋದ ಮೇಲೆ ಕೆಂಪು ದಾರದ ಸೀಸೆಯನ್ನು ಸಂಚಿಯಿಂದ ತೆಗೆದು, ಕೈ ಚಾಚಿ, ಮಂಚದ ಕೆಳಗೆ ನೀರಿನ ಗಡಿಗೆಗೆ ಒತ್ತಿ ಇಟ್ಟೆ. ದಿನಾ ಬೆಳಿಗ್ಗೆ ಅದನ್ನು ಕುಲುಕಿ ಮಬ್ಬು ಮಾಡುತ್ತಿದ್ದೆ. ಡಾಕ್ಟರಬಾಯಿಯ ಚಕ್ಕಡಿಯ ಸಪ್ಪಳ ಕೇಳಿದರೆ ತಿರುಗಿ ಸಂಚಿಗೆ ಹಾಕುತ್ತಿದ್ದೆ. ವಹಿಯಲ್ಲಿ ‘ಮಬ್ಬು’ ಎಂದು ಬರೆಯುತ್ತಿದ್ದೆ. ಕಲಿತ ಅಕ್ಷರದಲ್ಲಿ ನಾನು ಮೊದಲು ಬರೆದ ಸುಳ್ಳು ಅದು.

ಅವ್ವ ಗಡಿಗೆಯ ನೀರು ಬದಲಿಸುವಾಗ ಸೀಸೆಯನ್ನು ನೋಡಿದ್ದಳು. ಅದನ್ನು ಸರಿಸಿ, ಗಡಿಗೆ ತುಂಬಿ, ಮತ್ತೆ ಅಲ್ಲೇ ಇಟ್ಟಳು. ನನ್ನ ಮುಖ ನೋಡಲಿಲ್ಲ. ಅಜ್ಜ ಅವಳಿಗೆ ಮಾವ. ಮಗಳ ಹಾಗೆ ನೋಡಿಕೊಂಡವನು.

ದಸರೆಯ ಮುಂದೆ ಕಾಲರಾ ಇಳಿಯಿತು. ಡಾಕ್ಟರಬಾಯಿ ಸೊರಗಿ ಕಪ್ಪಾಗಿ ಬಂದರು. ನಲವತ್ತು ದಿನ ಮುಗಿದಿತ್ತು. ಮೂರು ಸೀಸೆಯನ್ನೂ ಕಿಟಕಿಯಲ್ಲಿ ಸಾಲಾಗಿ ಇಟ್ಟು ನೋಡಿದರು. ಬಿಳಿ, ಹಸಿರು ಎರಡರಲ್ಲೂ ಸಣ್ಣ ರವೆಯಂಥ ಕಾಳು ಕೂತಿತ್ತು. ಕೆಂಪಿನಲ್ಲಿ ಮಬ್ಬು. ಅವರು ನನ್ನ ಬರಹವನ್ನು ರಾಚಪ್ಪನವರಿಂದ ಎರಡು ಸಲ ಓದಿಸಿ ಕೇಳಿದರು. ಹನ್ನೊಂದನೆಯ ದಿನ ತಾವೇ ಕಂಡದ್ದು ಮುಂದುವರಿಯಲಿಲ್ಲ ಯಾಕೆ ಎಂದು ರಾಚಪ್ಪನವರಿಗೆ ಅನುಮಾನ ಬಂದಿರಬೇಕು, ಓದುತ್ತಾ ಒಮ್ಮೆ ನನ್ನ ಕಡೆ ನೋಡಿದರು. ಡಾಕ್ಟರಬಾಯಿಯ ಮುಖದಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚಾಗಿ ಕಂಡಿತು. ನಾನು ತಪ್ಪು ತಿಳಿದಿದ್ದೆ, ಒಂದು ಊರಿನ ಬಾವಿಗೆ ಹೆಸರು ಕೆಡಿಸುವುದು ತಪ್ಪಿತು ಎಂದರು.

ಅದೇ ವಾರ ನಮ್ಮ ವೈನಿ, ಅಣ್ಣನ ಹೆಂಡತಿ, ನನ್ನನ್ನು ನೋಡಲು ಬಂದಳು. ಮೂರು ತಿಂಗಳ ಬಸುರಿ. ಡಾಕ್ಟರಬಾಯಿ ಅವಳನ್ನು ಪರೀಕ್ಷೆ ಮಾಡಿ ನನ್ನ ಮಂಚದ ಹತ್ತಿರವೇ ಕೂಡಿಸಿಕೊಂಡು ಏನು ತಿನ್ನಬೇಕು, ಏನು ಎತ್ತಬಾರದು ಎಂದು ಹೇಳಿದರು. ವೈನಿ ತಾನೇ ಅಂಜುತ್ತ ಕೇಳಿದಳು, ನೀರಿನ ಬಗ್ಗೆ ಏನೋ ಮಾತು ಊರಿಗೆ ಬಂದಿದೆಯಲ್ಲ ಎಂದು.

“ಬಾವಿ ನೀರು ಬೇಫಿಕರ್ ಕುಡಿ,” ಎಂದರು ಡಾಕ್ಟರಬಾಯಿ. “ನಾ ನೋಡೀನಿ. ನಿನ್ನ ಕೂಸಿಗೆ ಏನೂ ಆಗೂದಿಲ್ಲ.”

ವೈನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಬೇರೆ ಊರಿಂದ ಬಂದವಳು, ಅವಳ ಹಲ್ಲು ಮುತ್ತಿನ ಹಾಗೆ. ಅವಳು ಹೋದ ಮೇಲೆ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚಲು ಕೂತಳು.

“ನಿಮ್ಮಜ್ಜನ ಮಾನ ಉಳೀತು,” ಎಂದಳು. “ಆ ಕೂಸಿನ ಬಾಯಿ ಮಾತ್ರ ನಿನ್ನ ಬಾಯಿ ಹಂಗ ಆಗತೈತಿ. ನಾ ನಿನಗ ಏನೂ ಹೇಳಂಗಿಲ್ಲವ್ವ. ನೀನ ನೋಡು.”

ಮರುದಿನ ಡಾಕ್ಟರಬಾಯಿ ಕಾಲು ನೋಡಲು ಬಂದಾಗ ನಾನು ಹೇಳಿಬಿಟ್ಟೆ. ಹೇಗೆ ಶುರು ಮಾಡಿದೆನೋ ನೆನಪಿಲ್ಲ. ಮಂಚದ ಕೆಳಗಿನ ಗಡಿಗೆಯನ್ನು ಕೈ ಮಾಡಿ ತೋರಿಸಿದ್ದು ನೆನಪಿದೆ. ಅವರ ಮುಖ ಬಿಳಚಿಕೊಂಡಿತು. ವೈನಿಗೆ ಹೇಳಿದ ಮಾತು ಅವರಿಗೂ ನೆನಪಾಗಿರಬೇಕು. ಎದ್ದು ಹೊರಗೆ ಹೋದರು. ಅಂದು ಇಡೀ ದಿನ ನನ್ನ ಕಡೆ ಬರಲಿಲ್ಲ. ಮೊದಲು ಊರಿಗೆ ಆಳು ಕಳಿಸಿ ವೈನಿಗೆ ಆ ನೀರು ಬಿಡಲು ಹೇಳಿಸಿದರು ಎಂದು ರಾಚಪ್ಪನವರು ತಿಳಿಸಿದರು. ಇನ್ನು ಅವರು ನನ್ನ ಹತ್ತಿರ ಮಾತಾಡುವುದಿಲ್ಲ ಎಂದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದೆ. ಸಂಜೆಯ ಮುಂದೆ ಬಂದು ಸ್ಟೂಲಿನ ಮೇಲೆ ಕೂತರು.

“ನಿಮ್ಮಜ್ಜ ತಪ್ಪು ಮಾಡಿಲ್ಲ, ಗಂಗವ್ವ. ನಾರುಹುಣ್ಣಿನಿಂದ ಊರು ಉಳಿಸ್ಯಾರ. ಬಂಡೆ ಹೊಟ್ಟ್ಯಾಗ ಏನದ ಅಂತ ಅವರಿಗೆ ಹ್ಯಾಂಗ ಗೊತ್ತಾಗಬೇಕು? ನನಗ ಇನ್ನೂ ಗೊತ್ತಿಲ್ಲ.”

ನಾನು ಅಳುತ್ತಿದ್ದೆ.

“ನೀ ಮಾಡಿದ್ದು ತಪ್ಪದ. ಅದಕ್ಕ ನೀನ ಮತ್ತ ಮಾಡಬೇಕು. ಹೊಸಾ ನೀರು, ಹೊಸಾ ಸೀಸೆ. ನಲವತ್ತು ದಿನ. ಆಗ್ತದೇನು?”

ಆಗುತ್ತದೆ ಎಂದೆ. ಅವರು ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದರು. ಅದರಲ್ಲಿ ಕಾರ್ಬಾಲಿಕ್ಕಿನ ವಾಸನೆ, ಅದರೊಳಗೆ ಎಲ್ಲೋ ಅತ್ತರಿನದು.

ದೀಪಾವಳಿಯ ಹೊತ್ತಿಗೆ ಮತ್ತೆ ಮೂರು ಸೀಸೆ ಸಂಚಿಗೆ ಬಂದವು. ಚಳಿ ಬಿದ್ದಿತ್ತು. ಮೊದಲ ಸಲಕ್ಕಿಂತ ಹೆಚ್ಚು ಜೋಪಾನ ಮಾಡಿದೆ. ಮಗ್ಗಲಾಗುವಾಗ ಕೈ ಅಡ್ಡ ಕೊಡುತ್ತಿದ್ದೆ. ಅಷ್ಟರಲ್ಲಿ ನನ್ನ ತೊಡೆಯೂ ಕೂಡುತ್ತಿತ್ತು. ಡಾಕ್ಟರಬಾಯಿ ಮುರಿದ ಜಾಗದ ಮೇಲೆ ನನ್ನದೇ ಬೆರಳು ಇರಿಸಿ, ಗಂಟಿನಂಥದ್ದು ತಾಗುತ್ತಿದೆಯೇ ಎಂದರು. ತಾಗಿತು, ಗಟ್ಟಿಯಾಗಿ. ಆ ಇಪ್ಪತ್ತು ದಿನಗಳಷ್ಟು ಹಗುರಾದ ದಿನಗಳು ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ. ಬೆಳಗಿನ ಎಳೆಬಿಸಿಲು ಕಿಟಕಿಯಿಂದ ಮಂಚಕ್ಕೆ ಬರುತ್ತಿತ್ತು. ಅವರು ತಮ್ಮ ಚಹಾ ಅಲ್ಲಿಗೇ ತಂದುಕೊಂಡು, ಬಸಿಯಲ್ಲಿ ನನಗರ್ಧ ಹಾಕಿ, ಸೀಸೆ ನೋಡುತ್ತ ಕೂಡುತ್ತಿದ್ದರು. ಮದುವೆ ಯಾಕಾಗಿಲ್ಲ ಎಂದು ಅವ್ವ ಕೇಳಿದರೆ, ನನ್ನ ಹಲ್ಲೂ ನೋಡಲು ಬಂದವರಿಗೆ ಸೇರಲಿಲ್ಲ ಎಂದು ನಗುತ್ತಿದ್ದರು.

ಇಪ್ಪತ್ತೆರಡನೆಯ ದಿನ ವರ್ಗದ ಹುಕುಂ ಬಂತು. ವರಂಗಲ್ ಕಡೆಗೆ, ಕೂಡಲೇ ಹೊರಡಬೇಕು. ಎರಡು ದಿನ ಅವರು ಹೊಸಬರಿಗೆಂದು ಎಲ್ಲ ಬರೆದಿಟ್ಟರು. ಹೊರಡುವ ಬೆಳಿಗ್ಗೆ ಬಸ್ಸಿನವನು ಇದ್ದಲಿನ ಒಲೆ ಊದುತ್ತ ರಸ್ತೆಯಲ್ಲಿ ಕಾಯುತ್ತಿದ್ದ. ಡಾಕ್ಟರಬಾಯಿ ಮರಳಿನ ಚೀಲ ಬಿಚ್ಚಿ ನನ್ನ ಕಾಲನ್ನು ತಾವೇ ಮಂಚದ ಮೇಲೆ ಇಳಿಸಿದರು. ಆಮೇಲೆ ಸಂಚಿಯ ಮೇಲೆ ಕೈಯಿಟ್ಟರು.

“ಇದು ಒಯ್ಯಲಿಕ್ಕೆ ಬರೂದಿಲ್ಲ. ದಾರ್ಯಾಗ ತಣ್ಣಗಾಗ್ತಾವ. ನಲವತ್ತು ದಿನ ಆದಮ್ಯಾಲ ನೀನ ತಗದು ನೋಡು. ಕಂಡದ್ದು ಬರಿ. ನಿನಗ ಸೇರದಿದ್ರೂ ಬರಿ.”

ನನ್ನನ್ನು ಬಿಟ್ಟು ಹೋಗಬೇಡಿ ಎನ್ನಬೇಕೆಂದಿದ್ದೆ. ಹೂಂನ್ರಿ ಎಂದಷ್ಟೇ ಬಾಯಿಂದ ಬಂತು. ಬಸ್ಸಿನ ಸಪ್ಪಳ ಊರು ದಾಟುವ ತನಕ ಕೇಳಿಸುತ್ತಿತ್ತು. ಆಮೇಲೂ ಕೇಳಿಸಿದ ಹಾಗೆ ಆಗುತ್ತಿತ್ತು.

ಹೊಸ ಡಾಕ್ಟರು ಬರುವುದು ತಡವಾಯಿತು. ಉಳಿದ ಹದಿನಾರು ದಿನ ನಾನು, ಅವ್ವ, ರಾಚಪ್ಪನವರು. ಕೆಂಪು ಸೀಸೆ ಮೊದಲಿನ ಹಾಗೇ ಎಲ್ಲಕ್ಕಿಂತ ಮುಂಚೆ ಕಾಳುಗಟ್ಟಿತ್ತು. ಬಿಳಿ, ಹಸಿರು ಹಿಂದೆ ಬಂದವು. ನಲವತ್ತನೆಯ ದಿನ ರಾಚಪ್ಪನವರು ಮೂರನ್ನೂ ಬಸಿದು, ಕಾಳನ್ನು ಮೂರು ಗಾಜಿನ ಮೇಲೆ ಒಣಗಿಸಿದರು. ಬಂಡೆಯ ಉಪ್ಪು ಸೇರಿದ ಕಾಳು ಹುಳಿಗೆ ಸುಲಭಕ್ಕೆ ಕರಗುವುದಿಲ್ಲ ಎಂದು ಡಾಕ್ಟರಬಾಯಿ ಹೇಳಿಕೊಟ್ಟಿದ್ದರು. ನಾನು ನಿಂಬೆಹುಳಿಗೆ ನೀರು ಬೆರೆಸಿ ಒಂದೊಂದಕ್ಕೆ ಹತ್ತು ಹನಿ ಬಿಟ್ಟೆ. ಬಿಳಿ ದಾರದ ಕಾಳು ನೋಡುತ್ತಿದ್ದಂತೆ ಕರಗಿತು. ಹಸಿರಿನದು ಒಂದಿಷ್ಟು ತಡೆದು ಕರಗಿತು. ಕೆಂಪಿನದು ಅವ್ವ ಎರಡು ರೊಟ್ಟಿ ಬಡಿದು ಬಂದರೂ ಹಾಗೇ ಕೂತಿತ್ತು. ಅದಕ್ಕೆ ನಮ್ಮ ಬಾವಿಯ ಬೇರೆ ಯಾವ ಉಪ್ಪಾದರೂ ಕಾರಣವಿರಬಹುದು, ಇದೊಂದರಿಂದಲೇ ಎಲ್ಲ ತೀರ್ಮಾನ ಮಾಡಬಾರದು ಎಂದು ಡಾಕ್ಟರಬಾಯಿ ಮೊದಲೇ ಹೇಳಿದ್ದರು. ಅದನ್ನೂ ಸೇರಿಸಿ ಬರೆದೆ. ಒಂದು ಇಡೀ ದಿನ ಹಿಡಿಯಿತು. ರಾಚಪ್ಪನವರು ಉರ್ದುವಿಗೆ ಇಳಿಸಿ ವರಂಗಲ್ಲಿಗೆ ಕಳಿಸಿದರು.

ಸಂಕ್ರಾಂತಿಗೆ ಕೋಲೂರಿಕೊಂಡು ಊರಿಗೆ ಬಂದೆ. ಕಾಲು ಎರಡು ಬೆರಳು ಗಿಡ್ಡವಾಗಿತ್ತು. ಊರಿನ ಎದುರು ಮಾತಾಡುವ ಧೈರ್ಯ ನನಗಿರಲಿಲ್ಲ. ಡಾಕ್ಟರಬಾಯಿ ಹೇಳಿಸಿದ್ದನ್ನು ಮನೆಯವರು ನಂಬದೆ ವೈನಿಗೆ ಬಾವಿಯ ನೀರನ್ನೇ ಕೊಡುತ್ತಿದ್ದರು. ಅಪ್ಪನಿಗೆ ಹೇಳಿದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ, ಇಡೀ ಮೈ ತಿರುಗಿಸಿ ನನ್ನ ಕಡೆ ನೋಡಿದ.

“ಆ ಬಾವ್ಯಾಗ ನಮ್ಮಪ್ಪ ಎರಡು ಬೆರಳು ಕಳಕೊಂಡಾನ,” ಎಂದ.

ಗೊತ್ತು ಎಂದೆ. ಡಾಕ್ಟರಬಾಯಿ ಅಜ್ಜನ ಬಗ್ಗೆ ಹೇಳಿದ ಮಾತನ್ನು ಅವರು ಹೇಳಿದ ಹಾಗೇ ಹೇಳಿದೆ. ಬರೆದ ಕಾಗದ ಓದಿ ತೋರಿಸಿದೆ. ನಾನು ಸುಳ್ಳು ಬರೆದದ್ದನ್ನೂ ಬಿಡಲಿಲ್ಲ. ಮಗಳು ಓದುವುದನ್ನು ಅವನು ಮೊದಲ ಸಲ ಕೇಳಿದ್ದು. ಮುಗಿದ ಮೇಲೆ ಎದ್ದುಹೋದ. ಆ ಸಂಜೆ ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲಿಗೆ ಬಂದರೆ ಅಪ್ಪ ಹೆಗಲ ಮೇಲೆ ಕೊಡ ಹೊತ್ತು ಹಳೇ ಹೊಂಡದ ಕಡೆಯಿಂದ ಬರುತ್ತಿದ್ದ. ನಮ್ಮೂರಿನ ಗಂಡಸರು ನೀರು ಹೊರುತ್ತಿರಲಿಲ್ಲ. ಬಗ್ಗದ ಕುತ್ತಿಗೆ, ಕೊಡ ಒಂದು ಕಡೆ ವಾಲಿತ್ತು. ಊರಿನ ಕಟ್ಟೆಯ ಮುಂದೆಯೇ ಹಾದು ಬಂದ. ಯಾಕೆಂದು ಕೇಳಿದವರಿಗೆಲ್ಲ ನಿಂತು ಹೇಳಿದ. ವೈನಿ ಆ ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ, ಕುದಿಸಿ ಕುಡಿದಳು. ನಾರುಹುಳಕ್ಕೆ ಅದೇ ಉಪಾಯ ಎಂದು ಡಾಕ್ಟರಬಾಯಿ ಹೇಳಿಕೊಟ್ಟಿದ್ದರು. ಊರಲ್ಲಿ ಅರ್ಧ ಜನ ನಕ್ಕರು. ವರ್ಷ ಕಳೆಯುವುದರೊಳಗೆ ಬಸುರಿಯರಿದ್ದ ಮನೆಯವರೆಲ್ಲ ಹೊಂಡಕ್ಕೆ ಹೋಗತೊಡಗಿದರು. ಬಾವಿಯ ನೀರು ದನಕ್ಕೆ, ಬಟ್ಟೆಗೆ ಆಯಿತು. ಪೂಜೆಯನ್ನು ಯಾರೂ ಬಿಡಲಿಲ್ಲ.

ಡಾಕ್ಟರಬಾಯಿಯಿಂದ ಒಂದೇ ಒಂದು ಕಾಗದ ಬಂತು. ರಾಚಪ್ಪನವರು ಓದಿದರು. ನಿನ್ನ ಬರಹವನ್ನು ಮೂರು ಸಲ ಓದಿದೆ, ಇನ್ನು ಓದುವುದನ್ನು ಬಿಡಬೇಡ ಎಂದಿತ್ತು. ಬಿಡಲಿಲ್ಲ. ನಿಜಾಮರ ಆಳಿಕೆ ಮುಗಿದು ಹಳ್ಳಿಗಳಲ್ಲಿ ಕನ್ನಡ ಸಾಲೆ ತೆರೆದಾಗ ಕಲಿಸಲು ಜನ ಬೇಕಾಗಿತ್ತು. ಪರೀಕ್ಷೆ ಕಟ್ಟಿ ಮಾಸ್ತರಿಣಿಯಾದೆ. ಮದುವೆ ಆಗಲಿಲ್ಲ, ಅದರ ಬಗ್ಗೆ ದುಃಖವೂ ಉಳಿಯಲಿಲ್ಲ. ಆದರೆ ಆ ಗಡಿಬಿಡಿಯ ದಿನಗಳಲ್ಲಿ ವರಂಗಲ್ಲಿಗೆ ಬರೆದ ನನ್ನ ಕಾಗದಗಳು ಒಂದೊಂದಾಗಿ ಹಿಂದಕ್ಕೆ ಬಂದವು.

ವೈನಿಗೆ ಆ ವೈಶಾಖದಲ್ಲಿ ಹೆಣ್ಣು ಹುಟ್ಟಿತ್ತು. ಶಾಂತಾ ಎಂದು ಹೆಸರಿಟ್ಟರು. ಅವಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ವರ್ಷ, ಬೇಸಿಗೆಯ ಸೂಟಿಯಲ್ಲಿ ಅವಳನ್ನು ಕರೆದುಕೊಂಡು ಡಾಕ್ಟರಬಾಯಿಯನ್ನು ಹುಡುಕುತ್ತ ಹೈದರಾಬಾದಿಗೆ ಹೋದೆ. ಅಷ್ಟು ದೊಡ್ಡ ಊರಲ್ಲಿ ಮೂರು ದಿನ ದವಾಖಾನೆಯಿಂದ ದವಾಖಾನೆಗೆ ಕುಂಟುತ್ತ ತಿರುಗಿದೆ. ಒಬ್ಬರು ಅವರು ಕರಾಚಿಗೆ ಹೋದರು ಎಂದರು. ಇನ್ನೊಬ್ಬರು ಇಲ್ಲ, ಗುಲಬರ್ಗಾ ಕಡೆ ಇದ್ದಾರೆ ಎಂದರು. ಮೂರನೆಯವರಿಗೆ ಹೆಸರೇ ಗೊತ್ತಿರಲಿಲ್ಲ. ಕೊನೆಗೆ ಒಂದು ದವಾಖಾನೆಯ ಪಡಸಾಲೆಯಲ್ಲಿ ಸುಸ್ತಾಗಿ ಕೂತೆವು. ಅಲ್ಲಿದ್ದ ವಯಸ್ಸಾದ ನರ್ಸಬಾಯಿ ಹುಡುಗಿಗೆ ಏನಾಗಿದೆ, ಯಾಕೆ ಕರೆತಂದಿದ್ದೀರಿ ಎಂದು ಕೇಳಿದಳು.

ಏನೂ ಆಗಿಲ್ಲರಿ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಏನೂ ಆಗಿಲ್ಲ, ಅದನ್ನ ಒಬ್ಬರಿಗೆ ತೋರಿಸಬೇಕಿತ್ತು ಎಂದೆ. ಶಾಂತಾ ನನ್ನ ಮುಖ ನೋಡಿ, ನಾನು ಯಾಕೆ ಅಳುತ್ತಿದ್ದೇನೆಂದು ತಿಳಿಯದೆ, ಒಂದೂ ಪಟ್ಟೆಯಿಲ್ಲದ ಹಲ್ಲು ಕಾಣುವಂತೆ ಬಾಯಿ ತುಂಬ ನಕ್ಕಳು.